ಕಂಪಿಲರಾಯನ ಮಕ್ಕಳು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಗಂಡುಗಲಿ ಕುಮಾರರಾಮನ ಕಥೆ ಕೇಳದವರು ಕಡಿಮೆ. ಕಂಪಿಲರಾಯನ ಮಗ ರಾಮ ಪರನಾರಿ ಸಹೋದರ. ಮಲತಾಯಿ ರತ್ನಾಜಿ ಅವನನ್ನು ಮೋಹಿಸಿ, ಅವನು ಒಪ್ಪದಿದ್ದಾಗ ಅಪವಾದ ಹೊರಿಸಿದಳು. ತಂದೆ ಮಗನ ತಲೆ ತೆಗೆಯಲು ಹೇಳಿದ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಉಳಿಸಿದ. ದಿಲ್ಲಿಯ ದಂಡು ಬಂದಾಗ ರಾಮ ಹೊರಬಂದು ಕಾದಿ ಮಡಿದ. 16ನೆಯ ಶತಮಾನದಲ್ಲಿ ನಂಜುಂಡ ಕವಿ ಇದನ್ನು ಸಾಂಗತ್ಯವಾಗಿ ಬರೆದ. ಜನ ಅದಕ್ಕೂ ಮಿಗಿಲಾಗಿ ರಾಮನನ್ನು ದೇವರಾಗಿಸಿಕೊಂಡರು. ಅವನ ಮರದ ಮುಖಗಳನ್ನು ಇಟ್ಟು ಪೂಜಿಸುವ ಊರುಗಳು ಕರ್ನಾಟಕದಲ್ಲಿ ಇಂದಿಗೂ ಇವೆ. ಇಷ್ಟು ಪ್ರೀತಿಯಿಂದ ಕಾಪಾಡಿಕೊಂಡ ಕಥೆ ಇರುವಾಗ ಹೊರಗಿನವರ ಬರಹ ನಮಗೇಕೆ ಎಂದು ಕೇಳುವವರಿದ್ದಾರೆ. ಕಂಪಿಲರಾಯನ ದೊಡ್ಡ ಗುಣವೊಂದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಎದುರು ಪಾಳೆಯದ ಬರಹದಲ್ಲಿ ಎಂಬುದೇ ಅದಕ್ಕೆ ನಮ್ಮ ಉತ್ತರ.

ಮೊರಾಕ್ಕೋದ ಇಬ್ನ್ ಬತೂತ ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಸೇವೆಯಲ್ಲಿ ಖಾಜಿಯಾಗಿದ್ದವನು. ಕಂಪಿಲರಾಯನ ಕಂಪಿಲಿ ರಾಜ್ಯ ಬಿದ್ದ 1327ರಲ್ಲಿ ಅವನು ಇನ್ನೂ ಭಾರತಕ್ಕೆ ಬಂದಿರಲಿಲ್ಲ. ಏಳೆಂಟು ವರ್ಷಗಳಲ್ಲಿ ದಿಲ್ಲಿ ಸೇರಿದ. ದಿಲ್ಲಿಯ ದಂಡು ಬಂದುದಕ್ಕೆ ಅವನು ಹೇಳುವ ಕಾರಣ ಇದು. ಸುಲ್ತಾನನ ಸೋದರತ್ತೆಯ ಮಗ ಬಹಾವುದ್ದೀನ್ ಗುಷ್ಟಾಸ್ಪ್ ದಂಗೆ ಎದ್ದು, ಸೋತು, ಕಂಪಿಲರಾಯನ ಆಶ್ರಯಕ್ಕೆ ಬಂದ. ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತೇನೋ. ರಾಯ ಒಪ್ಪಿಸಲಿಲ್ಲ. ಕೋಟೆಗೆ ಮುತ್ತಿಗೆ ಬಿದ್ದು ದವಸ ತೀರುತ್ತಾ ಬಂದಾಗ ಅತಿಥಿಯನ್ನು ಕರೆದು, ನಾನು ನನ್ನವರೊಂದಿಗೆ ಸಾಯಲು ನಿಶ್ಚಯಿಸಿದ್ದೇನೆ, ನೀನು ಇನ್ನೊಬ್ಬ ರಾಜನಲ್ಲಿಗೆ ಹೋಗು ಎಂದು ಹೇಳಿ ಜೊತೆಗೆ ಜನ ಕೊಟ್ಟು ಕಳಿಸಿದ. ಆಮೇಲೆ ಬೆಂಕಿ ಹೊತ್ತಿಸಿ, ಹೆಂಗಸರು ಅದನ್ನು ಹೊಕ್ಕ ಮೇಲೆ, ತನ್ನವರೊಂದಿಗೆ ಹೊರಬಿದ್ದು ಹೋರಾಡಿ ಸತ್ತ. ಗುಷ್ಟಾಸ್ಪನನ್ನು ಹೊಯ್ಸಳ ಮೂರನೆಯ ಬಲ್ಲಾಳ ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಇಬ್ನ್ ಬತೂತ ಮುಂದುವರಿದು, ರಾಯನ ಹನ್ನೊಂದು ಗಂಡುಮಕ್ಕಳು ಸೆರೆಯಾದರು, ಮತಾಂತರಗೊಂಡರು, ಅಮೀರರಾದರು, ಅವರ ತಂದೆಯ ನಡತೆಯನ್ನು ನೆನೆದೇ ಸುಲ್ತಾನ ಅವರನ್ನು ಗೌರವದಿಂದ ಕಂಡ ಎನ್ನುತ್ತಾನೆ. ಅವರಲ್ಲಿ ಮೂವರನ್ನು ಅವನು ತಾನೇ ಕಂಡಿದ್ದ. ಒಬ್ಬನೊಂದಿಗೆ ಸ್ನೇಹವೂ ಇತ್ತು. ಅಂದರೆ ಈ ವಿವರ ಕಂಪಿಲಿಯ ಅರಮನೆಯವರ ಬಾಯಿಂದಲೇ ಅವನಿಗೆ ತಲುಪಿರಬಹುದು. ಸೋತ ಅರಸನನ್ನು ಗೆದ್ದ ಆಸ್ಥಾನದವನು ಹೊಗಳಬೇಕಾದ ಅಗತ್ಯವೇ ಇರಲಿಲ್ಲ. ಹಾಗಾಗಿಯೇ ಆ ಹೊಗಳಿಕೆಗೆ ಬೆಲೆ.

ಪರದೇಶದವನ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಇಬ್ನ್ ಬತೂತ ತನ್ನ ಪ್ರವಾಸವನ್ನು ಹೇಳಿ ಬರೆಸಿದ್ದು ಊರಿಗೆ ಮರಳಿದ ಮೇಲೆ. ಗ್ರಂಥ ಮುಗಿದದ್ದು 1355ರಲ್ಲಿ. ನೆನಪು ತಪ್ಪಿರಬಹುದು, ಕಥೆ ಬೆಳೆದಿರಬಹುದು. ಆದರೆ 1350ರಲ್ಲಿ ದಖ್ಖನಿನಲ್ಲಿ ಕುಳಿತು ಪಾರಸಿ ಪದ್ಯದಲ್ಲಿ ಬರೆದ ಇಸಾಮಿಯೂ ಗುಷ್ಟಾಸ್ಪನ ಬೆನ್ನಟ್ಟಿದ ದಂಡು ಕಂಪಿಲಿಗೆ ಬಂದದ್ದನ್ನು ಹೇಳುತ್ತಾನೆ, ಕಂಪಿಲರಾಯನ ಕೋಟೆ ಕುಮ್ಮಟವನ್ನು ಹೆಸರಿಸುತ್ತಾನೆ. ತುಘಲಕನನ್ನು ದ್ವೇಷಿಸುತ್ತಿದ್ದ ಕವಿ ಅವನು. ಬೇರೆ ಬೇರೆ ಮನಸ್ಸಿನ ಇಬ್ಬರು ಒಂದೇ ಕಾರಣವನ್ನು ಹೇಳುವಾಗ ಅದನ್ನು ತಳ್ಳಿಹಾಕುವುದು ಕಷ್ಟ. ಎಲ್ಲ ಹೊರಗಿನವರೂ ಹೀಗೆ ನಿಲ್ಲುವುದಿಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ 1535ರ ಸುಮಾರಿಗೆ ವಿಜಯನಗರದಲ್ಲಿ ಕೇಳಿ ಬರೆದ ಚರಿತ್ರೆ ಈ ಪತನದಿಂದಲೇ ಶುರುವಾಗುತ್ತದೆ. ಕಾಲವನ್ನು ಮಾತ್ರ ಅವನು 1230 ಎಂದು ಹೇಳಿ ಸುಮಾರು ನೂರು ವರ್ಷ ಹಿಂದಕ್ಕೆ ಒಯ್ಯುತ್ತಾನೆ. ಅವನಿಂದ ಇಸವಿ ಕಲಿಯಬಾರದು. ಆದರೆ ಕೃಷ್ಣದೇವರಾಯನ ನಂತರವೂ ಹಂಪಿಯ ಜನ ತಮ್ಮ ರಾಜ್ಯದ ಬೇರನ್ನು ಕಂಪಿಲಿಯ ಸೋಲಿನಲ್ಲೇ ಹುಡುಕುತ್ತಿದ್ದರು ಎಂಬುದನ್ನು ಅವನಿಂದಲೇ ಕಲಿಯಬೇಕು.

ಇದಕ್ಕೆ ತದ್ವಿರುದ್ಧವಾದ ಆಕ್ಷೇಪಣೆ ಓದಿಕೊಂಡವರದ್ದು: ನಂಜುಂಡನ ಕಾವ್ಯ ಇನ್ನೂರು ವರ್ಷ ತಡವಾಗಿ ಬಂದದ್ದು, ಸುಲ್ತಾನನ ಮಗಳು ರಾಮನಿಗೆ ಮನಸೋತಳೆಂಬುದು ಕಲ್ಪನೆ, ಆದ್ದರಿಂದ ಅದನ್ನು ಸಾಹಿತ್ಯದ ತರಗತಿಗೆ ಬಿಟ್ಟುಬಿಡಿ ಎಂದು. ಇದನ್ನು ನಾವು ಒಪ್ಪುವುದಿಲ್ಲ. ಯುದ್ಧದ ಕಾರಣಕ್ಕೆ ಪಾರಸಿ, ಅರಬ್ಬಿ ಬರಹಗಳೇ ಹೆಚ್ಚು ನಂಬಿಕೆಗೆ ಅರ್ಹ, ನಿಜ. ಆದರೆ ದಿಲ್ಲಿಯ ಆಸ್ಥಾನಕ್ಕೆ ಕಂಪಿಲಿ ಹಲವು ದಂಡಯಾತ್ರೆಗಳಲ್ಲಿ ಒಂದು. ಕುಮ್ಮಟದ, ಸಂಡೂರು ಬೆಟ್ಟಸಾಲಿನ ಹೊಸಮಲೆದುರ್ಗದ ಸುತ್ತ ಬದುಕಿ ಉಳಿದವರಿಗೆ ಅದೇ ಸರ್ವಸ್ವ. ಸೋತ ನಾಡು ತನ್ನ ವೀರನಲ್ಲಿ ಏನನ್ನು ಉಳಿಸಿಕೊಳ್ಳಲು ಬಯಸಿತು ಎಂಬುದನ್ನು ಇಬ್ನ್ ಬತೂತ ಹೇಳಲಾರ. ಗೆಲುವಿಗಿಂತ ಶೀಲ ದೊಡ್ಡದೆಂದು ಆ ಜನ ತೀರ್ಮಾನಿಸಿದರು. ಆ ತೀರ್ಮಾನವೂ ನಡೆದ ಚರಿತ್ರೆಯೇ.

ಕೊನೆಯ ತಕರಾರು ನೋವಿನದು. ದಿಲ್ಲಿಯಲ್ಲಿ ಅಮೀರರಾಗಿ ಬಾಳಿದ ರಾಯನ ಮಕ್ಕಳ ಮಾತೆತ್ತಿದರೆ ರಾಮನ ಭಕ್ತರ ಮನಸ್ಸು ನೋಯುವುದಿಲ್ಲವೇ? ನೋಯಬೇಕಾಗಿಲ್ಲ. ಕೋಟೆಯ ಬಾಗಿಲಲ್ಲಿ ಸತ್ತವನೂ ಸೆರೆಯಾಗಿ ದೂರದ ಊರಿನಲ್ಲಿ ಬದುಕು ಕಟ್ಟಿಕೊಂಡವರೂ ಒಂದೇ ಮನೆಯವರು. ನಮ್ಮ ಜನಪ್ರಿಯ ಕಥೆ ಒಬ್ಬನನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟುಬಿಟ್ಟಿತು. ಆ ಉಳಿದವರು ಒಬ್ಬ ಮೊರಾಕ್ಕೋದವನ ಪುಟಗಳಲ್ಲಿ ಉಳಿದರು. ಅವರನ್ನು ಮರಳಿ ಕರೆಯಲು ನಾಚಿಕೆ ಏಕೆ? ಆಶ್ರಯ ಬೇಡಿ ಬಂದ ಮುಸಲ್ಮಾನನಿಗಾಗಿ ರಾಜ್ಯವನ್ನೇ ತೆತ್ತ ತಂದೆಯ ಮಕ್ಕಳು ಅವರು. ಹಂಪಿಯಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ. ನಂಜುಂಡನ ಸಾಂಗತ್ಯದ ಭಾಗ, ಊರವರು ಹಾಡುವ ಪದ, ಇಬ್ನ್ ಬತೂತ, ಇಸಾಮಿ, ನುನಿಜ್ ಇವರ ಪುಟಗಳು ಕನ್ನಡದಲ್ಲಿ ಒಂದೇ ಸಣ್ಣ ಪುಸ್ತಕವಾಗಿ ಬಂದು, ಈ ಸೀಮೆಯ ಪ್ರೌಢಶಾಲೆಗಳ ಮಕ್ಕಳ ಕೈಗೆ ಸಿಗಲಿ. ಆ ಕೆಲಸಕ್ಕೆ ಮುಂದಾಗುವವರ ಬರಹಗಳಿಗೆ ಈ ಪತ್ರಿಕೆಯ ಪುಟಗಳು ತೆರೆದಿವೆ.