ಸೀಟ್ ಬುಕಿಂಗ್ ಎಂದರೆ ಜೂಜು ಹಲಾಲ್ ಆಗುವುದಿಲ್ಲ

"ಅದು ಜೂಜಲ್ಲ ಉಮ್ಮ, ಟೂರ್ನಮೆಂಟ್. ಬಾಜಿ ಕಟ್ಟಿದ್ದಲ್ಲ, ಸೀಟ್ ಬುಕ್ ಮಾಡಿದ್ದು." ಮೊಬೈಲಿನಿಂದ ದುಡ್ಡು ಹೋದ ಮೆಸೇಜ್ ನೋಡಿ ತಾಯಿ ಕೇಳಿದರೆ ಮಗ ಹೇಳುವ ಉತ್ತರ ಈಗ ಹೀಗುಂಟು. ಇಸ್ಪೀಟು ಎಂದಿದ್ದರೆ ಉಮ್ಮನಿಗೆ ತಕ್ಷಣ ಅರ್ಥವಾಗುತ್ತಿತ್ತು. ಅಂದರ್-ಬಾಹರ್ ಎಂದಿದ್ದರೆ ಉಪ್ಪ ಅಂಗಡಿ ಬಿಟ್ಟು ಬರುತ್ತಿದ್ದರು. ಪೋಕರ್, ಎಂಟ್ರಿ, ಬುಕಿಂಗ್ ಫೀ ಎಂದರೆ ಬಸ್ಸಿನ ಸೀಟೋ, ಕ್ರಿಕೆಟ್ ಪಂದ್ಯದ ಟಿಕೆಟೋ ಎಂದು ಮನೆಯವರು ಸುಮ್ಮನಾಗುತ್ತಾರೆ. ಹೆಸರು ಬದಲಾದರೆ ಹರಾಮ್ ಹಲಾಲ್ ಆಗುವುದೇ? ಈ ವಾರ ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಹವ್ಯಾಸಿಗಳ ಪೋಕರ್ ಟೂರ್ನಮೆಂಟಿನಲ್ಲಿ ಪ್ರವೇಶದ ಬೆಲೆಯನ್ನು ಸಾಮಾನ್ಯವಾಗಿ ಎರಡು ತುಂಡು ಮಾಡಿ ಬರೆಯುತ್ತಾರೆ. 1,000 + 100 ಎಂದಿದ್ದರೆ ಸಾವಿರ ರೂಪಾಯಿ ಬಹುಮಾನದ ರಾಶಿಗೆ, ನೂರು ರೂಪಾಯಿ ನಡೆಸುವವನ ಕಿಸೆಗೆ. ಐವತ್ತು ಮಂದಿ ಬಂದರು ಎಂದಿಟ್ಟುಕೊಳ್ಳಿ. ಒಟ್ಟು 55,000 ರೂಪಾಯಿ ಸೇರಿತು. ಹಂಚಲು ಇರುವುದು 50,000. ಬಹುಮಾನ ಸಿಗುವುದು ಮೇಲಿನ ಆರೇಳು ಮಂದಿಗೆ. ಉಳಿದ ನಲವತ್ತಮೂರು ಮಂದಿ ಬರಿಗೈಯಲ್ಲಿ ಮನೆಗೆ. ಅದೇ ಐವತ್ತು ಮಂದಿ ಹತ್ತು ವಾರ ಕೂತರೆ ಫೀ ಒಂದರಲ್ಲೇ 50,000 ರೂಪಾಯಿ ಹೊರಗೆ ಹೋಯಿತು, ಅಂದರೆ ಒಂದು ವಾರದ ಇಡೀ ಬಹುಮಾನ. ಚಿಪ್ಸ್ ಮುಗಿದವನಿಗೆ "ರೀ-ಎಂಟ್ರಿ" ಎಂದು ಇನ್ನೊಂದು ಬಾಗಿಲೂ ತೆರೆದಿರುತ್ತದೆ. ಅಲ್ಲಿ ಮತ್ತೆ ಹಣ, ಅನೇಕ ಕಡೆ ಮತ್ತೆ ಫೀ. ಆಡುವವರಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಫೀ ತೆಗೆದುಕೊಳ್ಳುವವನಿಗೆ ಮಾತ್ರ ಯಾವ ದಿನವೂ ಸೋಲಿಲ್ಲ.

ಸೀಟಿನ ಆಸೆ ತೋರಿಸುವ ಇನ್ನೊಂದು ದಾರಿ "ಸ್ಯಾಟಲೈಟ್". ದೊಡ್ಡ ಪಂದ್ಯದ ಪ್ರವೇಶಕ್ಕೆ ಹತ್ತು ಸಾವಿರ ಬೇಕು, ಹುಡುಗನ ಕೈಯಲ್ಲಿ ಅಷ್ಟಿಲ್ಲ. ಹತ್ತು ಮಂದಿ ತಲಾ ಸಾವಿರ ಮತ್ತು ಫೀ ಕೊಟ್ಟು ಸಣ್ಣ ಪಂದ್ಯ ಆಡುತ್ತಾರೆ, ಗೆದ್ದ ಒಬ್ಬನಿಗೆ ದೊಡ್ಡ ಪಂದ್ಯದ ಸೀಟು. ಗೆದ್ದವನ ಕೈಗೂ ಒಂದು ರೂಪಾಯಿ ಬಂದಿರುವುದಿಲ್ಲ, ಇನ್ನೊಂದು ಆಟಕ್ಕೆ ಕರೆ ಮಾತ್ರ. ಸೋತ ಒಂಬತ್ತು ಮಂದಿ "ಸಾವಿರವಷ್ಟೇ ಅಲ್ವಾ" ಎಂದು ಮುಂದಿನ ವಾರ ಮತ್ತೆ ಬರುತ್ತಾರೆ. ಸಾಲದ ಆ್ಯಪ್ ಮೊಬೈಲಿಗೆ ಇಳಿಯುವುದು, ಉಮ್ಮನ ಬಳೆ ಅಡವು ಹೋಗುವುದು ಈ "ಅಷ್ಟೇ"ಯಿಂದಲೇ.

ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ, ಕೋರ್ಟೇ ಹೇಳಿದೆ ಎಂಬುದು ಓದಿದ ಮಕ್ಕಳ ವಾದ. ಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಪೋಕರನ್ನು ಕೌಶಲದ ಆಟವಾಗಿ ಆಡಿಸಲು ಲೈಸನ್ಸ್ ಬೇಡ ಎಂಬ ನಿಲುವು 2013ರಲ್ಲಿ ಕರ್ನಾಟಕ ಹೈಕೋರ್ಟಿನಿಂದ ಬಂದಿತ್ತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜು ಎಂದೇ ಕಂಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು 2021ರಲ್ಲಿ ನಮ್ಮ ರಾಜ್ಯ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೇಂದ್ರ ಕಾನೂನು ಮಾಡಿತು. ಕೌಶಲವಿರಲಿ ಅದೃಷ್ಟವಿರಲಿ, ಗೆಲ್ಲುವ ಹಣದ ಆಸೆಯಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಅದರಡಿ ನಿಷಿದ್ಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಆ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಹಾಗೆಂದು ಕಟ್ಟಿದ ಹಣ ವಾಪಸು ಬರುತ್ತದೆ ಎಂದೂ ಅಲ್ಲ. ಇನ್ನು ಆ್ಯಪ್ ಮುಚ್ಚಿದರೆ ಆಟ ಮುಚ್ಚಿತು ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಫ್ಲ್ಯಾಟಿನ ಕೋಣೆ ಉಂಟು, ಪಣಜಿಯ ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗುಗಳು ಉಂಟು, ಮಂಗಳೂರಿನಿಂದ ಗೋವಾಕ್ಕೆ ರೈಲೂ ಉಂಟು.

ಮೇಲಾಗಿ ನಮ್ಮ ಪ್ರಶ್ನೆ ಕೋರ್ಟಿನಲ್ಲಿ ಮುಗಿಯುವುದಿಲ್ಲ. ಸೂರತುಲ್ ಮಾಇದದ 90 ಮತ್ತು 91ನೇ ಆಯತುಗಳು ಮೈಸಿರ್ ಅಂದರೆ ಜೂಜನ್ನು ಮದ್ಯದ ಜೊತೆಯಲ್ಲೇ ಇಟ್ಟು, ಅದು ಹಗೆತನ ಹುಟ್ಟಿಸುವುದನ್ನೂ ನಮಾಜಿನಿಂದ ದೂರ ಮಾಡುವುದನ್ನೂ ಎಚ್ಚರಿಸುತ್ತವೆ. ಆಡುವವರೆಲ್ಲ ಹಣ ಹಾಕಿ, ಸೋತವರದ್ದನ್ನು ಗೆದ್ದವನು ಒಯ್ಯುವುದು ಫಿಕ್‌ಹ್‌ನ ಭಾಷೆಯಲ್ಲಿ ಕಿಮಾರ್. ಎಲೆ ಎಸೆಯುವವನಿಗೆ ಎಷ್ಟು ಬುದ್ಧಿ ಇದೆ ಎಂಬುದರಿಂದ ಆ ಹಣದ ಹುಕುಂ ಬದಲಾಗುವುದಿಲ್ಲ. ಬಾ ಜೂಜಾಡೋಣ ಎಂದು ಗೆಳೆಯನನ್ನು ಕರೆದವನು ಸದಕ ಕೊಡಲಿ ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇದೆ. ಬರೀ ಕರೆದುದಕ್ಕೇ ಪ್ರಾಯಶ್ಚಿತ್ತವಾದರೆ, ಗೆಳೆಯನಿಗೂ ಸೇರಿಸಿ ಎರಡು ಸೀಟು ಬುಕ್ ಮಾಡುವವನು ತನ್ನ ಲೆಕ್ಕ ತಾನೇ ಹಾಕಿಕೊಳ್ಳಲಿ.

ಇಷ್ಟು ಹೇಳಿ ಮಕ್ಕಳ ಮೇಲೆ ಮಾತ್ರ ಬೆರಳು ತೋರಿಸಿದರೆ ನ್ಯಾಯವಲ್ಲ. ನಮ್ಮದೇ ಊರುಗಳ ಅಂಡರ್ ಆರ್ಮ್ ಕ್ರಿಕೆಟ್, ವಾಲಿಬಾಲ್ ಪಂದ್ಯಗಳ ಪೋಸ್ಟರ್ ನೋಡಿ. ಮೇಲೆ ದೊಡ್ಡ ಅಕ್ಷರದಲ್ಲಿ ನಗದು ಬಹುಮಾನ, ಕೆಳಗೆ ತಂಡಗಳ ಪ್ರವೇಶ ಶುಲ್ಕ. ತಂಡಗಳ ಆ ಶುಲ್ಕವನ್ನೇ ಕೂಡಿಸಿ ಬಹುಮಾನ ಕೊಟ್ಟರೆ ಹಣದ ದಾರಿ ಪೋಕರ್ ಕೋಣೆಯದ್ದೇ ಅಲ್ಲವೇ? ಆಟ ಒಳ್ಳೆಯದು, ಮೈಗೂ ಒಳ್ಳೆಯದು. ಕೆಟ್ಟದ್ದು ಆ ಹಣದ ದಾರಿ ಮಾತ್ರ, ಅದನ್ನು ಸರಿಪಡಿಸುವುದು ಕಷ್ಟವೂ ಅಲ್ಲ. ಬಹುಮಾನವನ್ನು ಆಡದ ಪ್ರಾಯೋಜಕರು ಕೊಡಲಿ. ತಂಡಗಳಿಂದ ತೆಗೆಯುವ ಹಣ ಮೈದಾನ, ಲೈಟು, ಬಾಲು, ಅಂಪಾಯರ್ ಖರ್ಚಿಗೆ ಮಾತ್ರ ಹೋಗಲಿ, ಲೆಕ್ಕ ಎಲ್ಲರೆದುರು ಓದಲಿ. ನಮ್ಮ ಯುವಕ ಸಂಘಗಳು ಮುಂದಿನ ಪೋಸ್ಟರ್ ಅಚ್ಚು ಹಾಕುವ ಮೊದಲು ಖತೀಬರ ಬಳಿ ಒಂದು ಮಾತು ಕೇಳಿದರೆ ಸಾಕು. ಅಷ್ಟು ಮಾಡಿದರೆ ಪೋಕರ್ ಆಡುವ ಹುಡುಗನಿಗೆ ಬುದ್ಧಿ ಹೇಳುವ ಬಾಯಿ ನಮಗೂ ಇರುತ್ತದೆ.

ಮನೆಯವರಲ್ಲಿ ಒಂದು ವಿನಂತಿ. ಮಗ ಸೋತು ಬಂದರೆ ಹೊಡೆದು ಓಡಿಸಬೇಡಿ, ಗುಟ್ಟಾಗಿ ಸಾಲ ತೀರಿಸಿಯೂ ಬಿಡಬೇಡಿ. ಓಡಿದವನು ಅದೇ ಕೋಣೆಗೆ ಹೋಗುತ್ತಾನೆ, ಗುಟ್ಟಾಗಿ ತೀರಿದ ಸಾಲ ಮತ್ತೆ ಹುಟ್ಟುತ್ತದೆ. ಕೂರಿಸಿ ಪೂರ್ತಿ ಲೆಕ್ಕ ಬರೆಸಿ. ಯಾರಿಗೆ ಎಷ್ಟು, ಯಾವ ಆ್ಯಪಿಗೆ ಎಷ್ಟು ಎಂದು ಎದುರಿಗೇ ಕೇಳಿ. ಬೆದರಿಸುವ ಸಾಲಗಾರರಿದ್ದರೆ ಮರ್ಯಾದೆಗೆ ಅಂಜದೆ ಪೊಲೀಸರ ಬಳಿ ಹೋಗಿ. ಆನ್‌ಲೈನ್ ವಂಚನೆಯಾಗಿದ್ದರೆ 1930ಕ್ಕೆ ಕರೆ ಮಾಡಿ. ಗಲ್ಫಿನಲ್ಲಿರುವ ಮಕ್ಕಳಿಗೂ ಫೋನಿನಲ್ಲಿ ಒಂದು ಮಾತು ಹೇಳಿ: ಸೌದಿ, ಕುವೈತ್‌ನಂಥ ದೇಶಗಳಲ್ಲಿ ಜೂಜು ಶಿಕ್ಷೆಗೆ ಒಳಗಾಗುವ ಅಪರಾಧ. ರೂಮಿನಲ್ಲಿ ಒಂದು ರಾತ್ರಿ ಆಡಿದ ಆಟಕ್ಕೆ ಕೆಲಸ, ವೀಸಾ ಎರಡೂ ಹೋದರೆ ಊರಿನ ಅಡುಗೆ ಮನೆಯ ಒಲೆ ಆರುತ್ತದೆ.

ಜಮಾಅತುಗಳಲ್ಲೂ ಒಂದು ಕೋರಿಕೆ. ಖುತ್ಬಾದಲ್ಲಿ ಜೂಜು ಹರಾಮ್ ಎಂದರೆ ಹುಡುಗರು ತಲೆ ಅಲ್ಲಾಡಿಸುತ್ತಾರೆ, ಅದು ತಮಗೆ ಹೇಳಿದ್ದಲ್ಲ ಎಂದುಕೊಳ್ಳುತ್ತಾರೆ. ಅವರು ಬಳಸುವ ಹೆಸರುಗಳನ್ನೇ ಹಿಡಿದು ಹೇಳಿ: ಎಂಟ್ರಿ, ಬುಕಿಂಗ್, ಸೀಟು, ಸ್ಯಾಟಲೈಟ್. ಆಗ ಕೇಳುತ್ತಿರುವ ಉಪ್ಪನಿಗೂ ತನ್ನ ಮಗನ ಮೊಬೈಲಿನಲ್ಲಿ ನಡೆಯುತ್ತಿರುವುದು ಏನೆಂದು ಗೊತ್ತಾಗುತ್ತದೆ. ಅಲ್ಲಾಹನು ನಮ್ಮ ಮಕ್ಕಳ ದುಡಿಮೆಯಲ್ಲಿ ಬರ್ಕತ್ ಕೊಡಲಿ, ಆಮೀನ್.