ಮಾಡಿದವರೊಬ್ಬರು, ಉಣ್ಣುವವರೊಬ್ಬರು

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಗಾದೆ. ಕಾನೂನಿನ ಭಾಷೆಯಲ್ಲಿ ಅದನ್ನೇ ‘ಕೆಡಿಸಿದವನೇ ವೆಚ್ಚ ತೆರಬೇಕು’ ಎನ್ನುತ್ತಾರೆ. ರಾಜಸ್ಥಾನದ ಬಿಛ್ರಿ ಎಂಬ ಹಳ್ಳಿಯ ಬಾವಿಗಳನ್ನು ಕೆಡಿಸಿದ ರಾಸಾಯನಿಕ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿಯೇ ಈ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಹಣ ಬಂತೇ? ಹದಿನೈದು ವರ್ಷಗಳ ಬಳಿಕ, 2011ರಲ್ಲಿ, 37 ಕೋಟಿ ಚಿಲ್ಲರೆ ರೂಪಾಯಿಗಳನ್ನು ಚಕ್ರಬಡ್ಡಿ ಸಮೇತ ಕಟ್ಟಿರೆಂದು ಅದೇ ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು. ಗಾದೆಯೇನೋ ಎಲ್ಲರಿಗೂ ಬಾಯಿಪಾಠ. ಉಣ್ಣುವ ಪಂಕ್ತಿಯಲ್ಲಿ ಮಾತ್ರ ಮಾಡಿದವನು ಕಾಣುವುದಿಲ್ಲ.

ಈಗ ಕೇಳಿಬರುತ್ತಿರುವ ಮಂತ್ರ ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’. ವಿಷತ್ಯಾಜ್ಯವನ್ನು ಶುದ್ಧಿ ಮಾಡುವ ತಂತ್ರಜ್ಞಾನವನ್ನು ಸರ್ಕಾರವೂ ಖಾಸಗಿ ಸಂಸ್ಥೆಗಳೂ ಕೂಡಿ ಬೆಳೆಸಬೇಕಂತೆ. ಕೂಡಿ ಮಾಡುವ ಕೆಲಸಕ್ಕೆ ನಾವು ವಿರೋಧಿಗಳಲ್ಲ. ಆದರೆ ಪಾಲುಗಾರಿಕೆ ಎಂದ ಮೇಲೆ ಯಾರ ಪಾಲು ಎಷ್ಟೆಂದು ಕೇಳುವುದು ತಪ್ಪಲ್ಲ. ಕೂಡಿ ಅಂಗಡಿ ಇಡುವ ಅಣ್ಣತಮ್ಮಂದಿರೂ ಮೊದಲು ಕೇಳುವುದು ಅದನ್ನೇ.

ಭೋಪಾಲದ ಲೆಕ್ಕವನ್ನೇ ತೆಗೆದು ನೋಡೋಣ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮಿಥೈಲ್ ಐಸೋಸಯನೇಟ್ ಅನಿಲ ಹೊರಬಿದ್ದು ಊರನ್ನು ಸ್ಮಶಾನ ಮಾಡಿದ ಕಥೆಯನ್ನು ಬಲ್ಲದವರಿಲ್ಲ. ಅನಿಲ ಗಾಳಿಗೆ ಹೋಯಿತು. ಆದರೆ ಕೀಟನಾಶಕಗಳ ಶೇಷ, ಅರೆಬೆಂದ ಸರಕು, ವಿಷ ಕುಡಿದ ಮಣ್ಣು ಅಲ್ಲಿಯೇ ಉಳಿದವು. 2005ರಲ್ಲಿ ಅದರಲ್ಲೊಂದು ಪಾಲನ್ನು ಗೋರಿ, ಚೀಲಗಳಲ್ಲಿ ತುಂಬಿ, ಕಾರ್ಖಾನೆಯ ಆವರಣದಲ್ಲೇ ಕೂಡಿಟ್ಟರು. 2012ರಲ್ಲಿ ಸುಮಾರು 25 ಕೋಟಿ ರೂಪಾಯಿ ವೆಚ್ಚದಲ್ಲಿ ಅದನ್ನು ಜರ್ಮನಿಗೆ ಸಾಗಿಸಿ ಸುಡುವ ಮಾತುಕತೆಯಾಯಿತು. ಅಲ್ಲಿನ ಜನ ಬೇಡವೆಂದರು, ಮಾತು ಮುರಿಯಿತು. ಕೊನೆಗೆ ಮಧ್ಯಪ್ರದೇಶ ಹೈಕೋರ್ಟು 2024ರ ಡಿಸೆಂಬರಿನಲ್ಲಿ ಚಾಟಿ ಬೀಸಿದ ಮೇಲೆ, 2025ರ ಜನವರಿ 1ರ ರಾತ್ರಿ 12 ಕಂಟೇನರುಗಳಲ್ಲಿ 337 ಟನ್ ತ್ಯಾಜ್ಯ ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಹೊರಟಿತು. ಅಲ್ಲಿನ ಖಾಸಗಿ ಸಂಸ್ಥೆಯ ದಹನಕುಂಡದಲ್ಲಿ ಜೂನ್ ತಿಂಗಳ ಕೊನೆಯ ಹೊತ್ತಿಗೆ ಅದು ಉರಿದು ಮುಗಿಯಿತು.

ಇದಕ್ಕಾಗಿ ಕೇಂದ್ರ ಸರ್ಕಾರ ತೆಗೆದಿರಿಸಿದ ಹಣ 126 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಟನ್ನಿಗೆ ಸುಮಾರು 37 ಲಕ್ಷ, ಕಿಲೋಗೆ ಸುಮಾರು 3,700 ರೂಪಾಯಿ! ಇದು ಯಾರ ದುಡ್ಡು? ನಿಮ್ಮದು, ನಮ್ಮದು. ವಿಷ ಮಾಡಿದ ಕಂಪನಿ 1989ರಲ್ಲಿ 47 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು ಕೈ ತೊಳೆದುಕೊಂಡಿತು. ಅದನ್ನು 2001ರಲ್ಲಿ ಕೊಂಡ ಡೌ ಕಂಪನಿ, ಹಳೆಯ ಋಣ ತನ್ನದಲ್ಲವೆಂದಿತು. ಹೆಚ್ಚಿನ ಪರಿಹಾರ ಕೇಳಿದ ಸರ್ಕಾರದ ಅರ್ಜಿ 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಜಾ ಆಯಿತು. ಇನ್ನು ಸುಟ್ಟ ಮೇಲೆ ಉಳಿದದ್ದೇನು? ಸುಣ್ಣ ಮುಂತಾದವನ್ನು ಬೆರೆಸಿ ಸುಟ್ಟದ್ದರಿಂದ ತಂದದ್ದಕ್ಕಿಂತ ಹೆಚ್ಚು ತೂಕದ ಬೂದಿ! ಅದನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆಯೂ ಕೋರ್ಟಿನ ಮೆಟ್ಟಿಲೇರಿತು. ಕಂಪನಿಯ ಪಾಲಿಗೆ ಲಾಭ, ಗುತ್ತಿಗೆದಾರರ ಪಾಲಿಗೆ ಬಿಲ್ಲು, ಖಜಾನೆಯ ಪಾಲಿಗೆ ವೆಚ್ಚ, ಪೀಥಂಪುರದ ಪಾಲಿಗೆ ಬೂದಿ. ಇದನ್ನು ಸಹಭಾಗಿತ್ವವೆಂದರೆ ಭಾಷೆಗೇ ಅಪಚಾರ.

ಹೊಗೆ ಮಿತಿಯೊಳಗೇ ಇತ್ತೆಂದು ಅಧಿಕಾರಿಗಳು ಹೇಳಿದರು. ಅದು ಸುಳ್ಳೆಂದು ಹೇಳಲು ನಮ್ಮ ಬಳಿ ಆಧಾರವಿಲ್ಲ. ನಾವು ಹೇಳುವುದೂ ಇಲ್ಲ. ಆದರೆ ಜನವರಿ 3ರಂದು ಪೀಥಂಪುರದ ಜನ ಬೀದಿಗಿಳಿದದ್ದೇಕೆ? ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳುವವರೆಗೆ ಹೋದದ್ದೇಕೆ? ‘ತಿಳಿಯದ ಜನ, ವದಂತಿಗೆ ಬಲಿಯಾದರು’ ಎನ್ನುವುದು ಸುಲಭ. ನಲವತ್ತು ವರ್ಷ ಸುಮ್ಮನಿದ್ದು, ರಾತ್ರೋರಾತ್ರಿ ಪೊಲೀಸು ಕಾವಲಿನಲ್ಲಿ ವಿಷ ತಂದಿಳಿಸಿದರೆ ಯಾವ ಊರಿನವರು ತಾನೇ ಆರತಿ ಎತ್ತುತ್ತಾರೆ?

ಇನ್ನೂ ದೊಡ್ಡ ಮಾತೊಂದಿದೆ. ಸುಟ್ಟದ್ದು 337 ಟನ್. ಭೋಪಾಲದ ಆ ನೆಲದಲ್ಲಿ ಕೆಟ್ಟಿರುವ ಮಣ್ಣು ಸುಮಾರು 11 ಲಕ್ಷ ಟನ್ ಎಂಬುದು ನಾಗಪುರದ ‘ನೀರಿ’ ಸಂಸ್ಥೆ 2010ರಲ್ಲಿ ಕೊಟ್ಟ ಅಂದಾಜು. ಎಂದರೆ ಸುಟ್ಟದ್ದರ ಮೂರು ಸಾವಿರ ಪಾಲಿಗೂ ಹೆಚ್ಚು. ಪೀಥಂಪುರದ ದರದಲ್ಲಿ ಅದನ್ನೆಲ್ಲ ಸುಡಹೊರಟರೆ ನಾಲ್ಕು ಲಕ್ಷ ಕೋಟಿ ರೂಪಾಯಿ ಮೀರುತ್ತದೆ. ಆದ್ದರಿಂದ ಹೊಸ ತಂತ್ರಜ್ಞಾನ ಬೇಕೇ ಬೇಕು. ಮಣ್ಣನ್ನು ಅಗೆಯದೆ ಇದ್ದಲ್ಲೇ ತೊಳೆಯುವ, ಸೂಕ್ಷ್ಮಜೀವಿಗಳಿಂದ ವಿಷವನ್ನು ಒಡೆಯುವ, ನೆಲದಡಿಯ ನೀರನ್ನು ಶುದ್ಧಿ ಮಾಡುವ ವಿಧಾನಗಳು ಬೇಕು. ಅದಕ್ಕೆ ಖಾಸಗಿಯವರ ಕೈಯೂ ಬೇಕು. ನಮ್ಮ ಜಗಳ ಕೈ ಸೇರಿಸುವುದರ ಬಗ್ಗೆ ಅಲ್ಲ, ಕೈ ಸೇರಿಸುವ ಕರಾರಿನ ಬಗ್ಗೆ.

ಅಮೆರಿಕೆಯೇನೂ ಸತ್ಯಹರಿಶ್ಚಂದ್ರರ ನಾಡಲ್ಲ. ಲವ್ ಕೆನಾಲ್ ಎಂಬಲ್ಲಿ ಕಂಪನಿಯೊಂದು ಸಾವಿರಾರು ಟನ್ ವಿಷವನ್ನು ಹೂತು, 1953ರಲ್ಲಿ ಆ ನೆಲವನ್ನು ಒಂದೇ ಡಾಲರಿಗೆ ಶಾಲಾಮಂಡಳಿಗೆ ಮಾರಿತ್ತು. 1978ರಲ್ಲಿ ಜನ ಮನೆ ಬಿಟ್ಟೋಡಬೇಕಾಯಿತು. ಆ ಪೆಟ್ಟಿನಿಂದ ಅವರು 1980ರಲ್ಲಿ ‘ಸೂಪರ್‌ಫಂಡ್’ ಕಾನೂನು ಮಾಡಿದರು. ರಾಸಾಯನಿಕ ಮತ್ತು ತೈಲ ಉದ್ಯಮಗಳ ಮೇಲೆಯೇ ತೆರಿಗೆ ಹಾಕಿ ನಿಧಿ ಕೂಡಿಸಿದರು. 1986ರ ತಿದ್ದುಪಡಿಯ ಬಳಿಕ ಹೊಸ ಶುದ್ಧೀಕರಣ ವಿಧಾನಗಳನ್ನು ಪರೀಕ್ಷಿಸುವ ಯೋಜನೆಯೊಂದು ಬಂತು. ಅದರ ಕರಾರು ಬಲು ಸರಳ: ಯಂತ್ರವನ್ನು ತಂದು ನಡೆಸುವ ಖರ್ಚು ಕಂಪನಿಯದು, ಮಾದರಿ ತೆಗೆದು, ಅಳೆದು, ಫಲಿತಾಂಶವನ್ನು ಅಚ್ಚುಹಾಕಿಸುವ ಖರ್ಚು ಸರ್ಕಾರದ್ದು. ಔಷಧಿ ಮಾರುವವನು ಒಬ್ಬ, ನಾಡಿ ನೋಡುವವನು ಇನ್ನೊಬ್ಬ. ಆದರೆ ಆ ಉದ್ಯಮ-ತೆರಿಗೆ 1995ರಲ್ಲಿ ನಿಂತುಹೋಗಿ, ಹೊರೆ ಸಾಮಾನ್ಯ ತೆರಿಗೆದಾರರ ಮೇಲೆ ಬಿತ್ತು. ರಾಸಾಯನಿಕಗಳ ಮೇಲಿನ ತೆರಿಗೆಯನ್ನು ಮತ್ತೆ ತರಲು 2021ರ ಕಾನೂನು ಬರಬೇಕಾಯಿತು. ಒಳ್ಳೆಯ ಕರಾರು ಕೂಡ ಕಾವಲಿಲ್ಲದಿದ್ದರೆ ಸಡಿಲವಾಗುತ್ತದೆಂಬುದಕ್ಕೆ ಇದೇ ಸಾಕ್ಷಿ.

ಸರ್ಕಾರಿ ಕಚೇರಿಯಲ್ಲಿ ಬಿಲ್ಲು ನೋಡುವ ಗುಮಾಸ್ತರಾದ ನಮಗೆ ಒಂದು ಸಣ್ಣ ನಿಯಮ ಗೊತ್ತು. ಹತ್ತು ರೀಮು ಕಾಗದ ಕೊಂಡರೂ ‘ಸರಕು ಸರಿಯಾಗಿ ಬಂದಿದೆ’ ಎಂದು ರುಜು ಹಾಕುವವನು ಸರಕು ಕೊಟ್ಟವನಲ್ಲ. ಆ ರುಜು ಇಲ್ಲದೆ ಬಿಲ್ಲು ಪಾಸಾಗುವುದಿಲ್ಲ. ಕಾಗದಕ್ಕಿರುವ ಈ ಎಚ್ಚರ ವಿಷಕ್ಕೆ ಬೇಡವೇ? ನಾವು ಕೇಳುವುದು ಮೂರೇ ಮಾತು. ಒಂದು: ಶುದ್ಧಿಯ ನಿಧಿಗೆ ಮೊದಲ ಹಣ ವಿಷ ಉತ್ಪಾದಿಸುವ ಉದ್ಯಮದಿಂದ ಬರಲಿ. ಎರಡು: ಅಳೆಯುವವರು ಸುಡುವವರ ಹಂಗಿನಲ್ಲಿರಬಾರದು, ಅಳತೆಯ ಅಂಕಿಗಳು ಆಯಾ ಊರಿನ ಭಾಷೆಯಲ್ಲಿ ಊರ ಚಾವಡಿಯಲ್ಲಿ ಅಂಟಿಸಲ್ಪಡಲಿ. ಮೂರು: ಸಾರ್ವಜನಿಕ ಹಣದಿಂದ ಹುಟ್ಟಿದ ಜ್ಞಾನ ಯಾರೊಬ್ಬರ ತಿಜೋರಿ ಸೇರದೆ ಸಾರ್ವಜನಿಕರದ್ದಾಗಿರಲಿ.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ಬಗ್ಗೆ ನಿಯಮಗಳನ್ನು ಹೊರಡಿಸಿದೆ. ಹೊಣೆಗಾರನೇ ವೆಚ್ಚ ಕೊಡಬೇಕೆಂದು ಅದರಲ್ಲಿದೆ. ಸಂತೋಷ. ಆದರೆ ಹೊಣೆಗಾರ ಸಿಕ್ಕದಿದ್ದರೆ ಸರ್ಕಾರಗಳು ಭರಿಸಬೇಕೆಂಬ ಮಾತೂ ಇದೆ. ಹೆಸರು ಬದಲಿಸಿ, ಕಂಪನಿ ಮಾರಿ, ಸಮುದ್ರ ದಾಟಿ ‘ಸಿಕ್ಕದೇ’ ಹೋಗುವ ವಿದ್ಯೆ ಎಷ್ಟು ಜನಕ್ಕೆ ಕರಗತವೆಂಬುದನ್ನು ಭೋಪಾಲವೇ ಕಲಿಸಿದೆ. ಆ ಹಿಂಬಾಗಿಲಿಗೆ ಅಗುಳಿ ಹಾಕದಿದ್ದರೆ ಮುಂಬಾಗಿಲಿನ ಬೀಗದಿಂದ ಪ್ರಯೋಜನವಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ನೋಡಿ. 2001ರಲ್ಲಿ ಗಣಿ ಮುಚ್ಚಿತು. ಸಯನೈಡ್ ದಿಬ್ಬಗಳು ಉಳಿದವು. ಗಾಳಿ ಎದ್ದಾಗ ಆ ಧೂಳನ್ನು ಕುಡಿದುಕೊಂಡೇ ಜನ ಬಾಳಿದರು. ಈಗ ಆ 13 ದಿಬ್ಬಗಳ ಹರಾಜಿನ ಮಾತು ಎದ್ದಿದೆ. 2024ರಲ್ಲಿ ಕರ್ನಾಟಕ ಸರ್ಕಾರವೂ ಒಪ್ಪಿತು. ಏಕೆಂದರೆ ಆ ಮಣ್ಣಿನಲ್ಲಿ ಇನ್ನೂ ಒಂದಿಷ್ಟು ಚಿನ್ನವಿದೆ! ಚಿನ್ನವಿದ್ದ ಮಣ್ಣಿಗೆ ಹರಾಜು, ವಿಷವಷ್ಟೇ ಇದ್ದ ಮಣ್ಣಿಗೆ ಖಜಾನೆ. ಹರಾಜಿನಲ್ಲಿ ಗೆದ್ದವರು ಚಿನ್ನ ತೆಗೆದ ಮೇಲೆ ಧೂಳನ್ನೂ ಅಡಗಿಸಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳುವವರು ಯಾರು?

ದೂರದ ಭೋಪಾಲದ ಗೊಡವೆ ಮುಂಬಯಿ ಕನ್ನಡಿಗರಿಗೇಕೆ ಎಂದು ಕೆಲವರು ಕೇಳಬಹುದು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಕೈಗಾರಿಕಾ ವಸಾಹತಿನ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಅಲ್ಲಿ ಮನೆ ಮಾಡಿರುವ ನಮ್ಮವರು ಮರೆತಿರಲಾರರು. ವಿಷತ್ಯಾಜ್ಯ ವಿಲೇವಾರಿ ಮಾಡುವ ಕೇಂದ್ರ ನಮ್ಮ ತಳೋಜೆಯಲ್ಲಿಯೂ ಇದೆ, ರಜೆಗೆ ಊರಿಗೆ ಹೋದರೆ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿಯೂ ಇದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಅಗ್ಗದ ಬಾಡಿಗೆಯನ್ನು ಹುಡುಕಿಕೊಂಡು ಕಾರ್ಖಾನೆಯ ಬೆನ್ನಿಗೇ ಬಿಡಾರ ಹೂಡಿದವರು. ಗಾಳಿ ಮೊದಲು ಬೀಸುವುದು ನಮ್ಮ ಕಿಟಕಿಗೇ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಬಡಾವಣೆಗೆ ‘ಸಹಭಾಗಿತ್ವ’ದ ಫಲಕ ಬಂದ ದಿನ, ಉದ್ಘಾಟನೆಯ ಲಾಡು ತಿನ್ನುವ ಮೊದಲು ಕರಾರುಪತ್ರ ಕೇಳಿ. ದುಡ್ಡು ಯಾರದು, ಅಳೆಯುವವರು ಯಾರು, ಬೂದಿ ಎಲ್ಲಿಗೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಲಾಡು ತಿನ್ನಿ. ಸಿಕ್ಕದಿದ್ದರೆ, ಮಾಡಿದ್ದನ್ನು ಉಣ್ಣಬೇಕಾದ ಮಹಾರಾಯ ನೀವೇ ಎಂದು ತಿಳಿಯಿರಿ.