ಊರಿಲ್ಲದ ಲೀಗ್ ಉಳಿಯುವುದಿಲ್ಲ

ಹೈದರಾಬಾದಿನ ಕೋಠಿಯಲ್ಲಿ ನಮ್ಮದೊಂದು ಆಟದ ಸಾಮಾನಿನ ಅಂಗಡಿ. ಬೀದರ್ ಕಡೆಯಿಂದ ಬಂದ ಅಪ್ಪ ಹಾಕಿದ್ದು. ಯಾವ ಆಟಕ್ಕೆ ಜೀವ ಇದೆ ಎಂದು ತಿಳಿಯಲು ನಾನು ಟೀವಿ ನೋಡುವುದಿಲ್ಲ, ಕಪಾಟು ನೋಡುತ್ತೇನೆ. ದೊಡ್ಡ ಮೈದಾನದ ಸ್ಟಡ್ ಬೂಟುಗಳು ಧೂಳು ತಿನ್ನುತ್ತಿವೆ. ಟರ್ಫ್ ಮೇಲೆ ಆಡುವ ಬೂಟು ಮಾತ್ರ ಬಂದ ವಾರವೇ ಖಾಲಿ. ಸುಲ್ತಾನ್ ಬಜಾರ್, ಚಾದರ್‌ಘಾಟ್, ಕಾಚಿಗುಡದ ಹುಡುಗರು ಹಗಲೆಲ್ಲ ಅಂಗಡಿ, ಗೋದಾಮಿನಲ್ಲಿ ದುಡಿದು, ರಾತ್ರಿ ಹತ್ತು ಮಂದಿ ದುಡ್ಡು ಕೂಡಿಸಿ, ತಾಸಿನ ಲೆಕ್ಕದಲ್ಲಿ ಟರ್ಫ್ ಹಿಡಿದು ಐದೈದು ಜನ ಆಡುತ್ತಾರೆ. ಸ್ವಂತ ದುಡ್ಡು ಕೊಟ್ಟು ಆಡುವ ಇಷ್ಟು ಹುಡುಗರಿದ್ದೂ ಐವರ ಫುಟ್‌ಬಾಲಿನ ವೃತ್ತಿಪರ ಲೀಗ್ ಈ ದೇಶದಲ್ಲಿ ಯಾಕೆ ನಿಲ್ಲಲಿಲ್ಲ?

ಆರಂಭದ ಅಬ್ಬರವೇನೂ ಕಡಿಮೆ ಇರಲಿಲ್ಲ. 2016ರ ಜುಲೈ 15ರಂದು ಪ್ರೀಮಿಯರ್ ಫುಟ್ಸಾಲ್ ಎಂಬ ಐವರ ಫುಟ್‌ಬಾಲ್ ಲೀಗ್ ಶುರುವಾದಾಗ ಪೋರ್ಚುಗಲ್‌ನ ಲೂಯಿಸ್ ಫಿಗೊ ಅದರ ಅಧ್ಯಕ್ಷ, ವಿರಾಟ್ ಕೊಹ್ಲಿ ರಾಯಭಾರಿ, ಹಾಡು ಎ.ಆರ್. ರೆಹಮಾನ್ ಅವರದು. ಮುಂಬೈಗೆ ರಯಾನ್ ಗಿಗ್ಸ್, ಚೆನ್ನೈಗೆ ಬ್ರೆಜಿಲ್‌ನ ಫಾಲ್ಕಾವೊ, ಬೆಂಗಳೂರಿಗೆ ಪಾಲ್ ಸ್ಕೋಲ್ಸ್. ಗೋವಾ ಪರ ರೊನಾಲ್ಡಿನೊ ಬೆಂಗಳೂರಿನ ಮೇಲೆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದರು. ಸೀಸನ್ ಮುಗಿಯುವ ಮೊದಲೇ ವಿಮಾನವನ್ನೂ ಹತ್ತಿದರು. ಅವರ ಜಾಗಕ್ಕೆ ಕಾಫು ಬಂದರು. ಜುಲೈ 24ರಂದು ಗೋವಾದಲ್ಲಿ ಮುಂಬೈ ತಂಡ ಕೊಚ್ಚಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದಲ್ಲಿಗೆ ಎಲ್ಲ ಮುಗಿಯಿತು. ಒಟ್ಟು ಹತ್ತು ದಿನ. ನಮ್ಮಲ್ಲಿ ಊರ ಜಾತ್ರೆಯೂ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ದಿನ ನಡೆಯುತ್ತದೆ.

ಆರು ತಂಡಗಳಿಗೆ ಊರಿನ ಹೆಸರಿತ್ತು, ಪಂದ್ಯಗಳು ಮಾತ್ರ ನಡೆದದ್ದು ಚೆನ್ನೈ ಮತ್ತು ಗೋವಾದಲ್ಲಿ. ಬೆಂಗಳೂರು ತಂಡದ ಬೆನ್ನಿಗೆ ಪುನೀತ್ ರಾಜ್‌ಕುಮಾರ್ ಇದ್ದರು. ಅಂಥ ಹೆಸರಿದ್ದೂ ಆ ವರ್ಷ ತಂಡ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ತಮ್ಮ ಬಡಾವಣೆಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರದ ಜನ ಅಲ್ಲಿದ್ದಾರೆ. ಅವರ ಮನೆಬಾಗಿಲಿಗೆ ಬಾರದ ತಂಡ ಅವರದು ಹೇಗಾದೀತು? 2017ರಲ್ಲಿ ನಮ್ಮ ಪಾಲಿಗೂ ‘ತೆಲುಗು ಟೈಗರ್ಸ್’ ಎಂಬ ತಂಡ ಬಂತು. ಆ ಸಲದ ಸೀಸನ್ ದುಬೈಗೆ ಹೋಗಿ ಮುಗಿಯಿತು. ಮೂರನೆಯ ಸೀಸನ್ ಬರಲೇ ಇಲ್ಲ. ನನ್ನ ಅಂಗಡಿಗೆ ರೊನಾಲ್ಡಿನೊನ ಹಳೆಯ ಬಾರ್ಸಿಲೋನಾ ಜೆರ್ಸಿ ಕೇಳಿಕೊಂಡು ಬಂದವರಿದ್ದರು, ಟೈಗರ್ಸ್ ಜೆರ್ಸಿ ಕೇಳಿದವರಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಲೀಗಿಗೆ ಮಾನ್ಯತೆ ಕೊಡಲಿಲ್ಲ. ಮಾನ್ಯತೆ ಇಲ್ಲದೇ ಸತ್ತಿತು ಎನ್ನುವವರಿದ್ದಾರೆ. ಅರ್ಧ ನಿಜ. ಫೆಡರೇಷನ್ 2021ರಲ್ಲಿ ತಾನೇ ದೆಹಲಿಯಲ್ಲಿ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ನಡೆಸಿತು, ದೆಹಲಿ ಎಫ್‌ಸಿ ಗೆದ್ದಿತು. 2023ರಲ್ಲಿ ರಾಷ್ಟ್ರೀಯ ತಂಡವೂ ಮೊದಲ ಬಾರಿ ಏಷ್ಯನ್ ಅರ್ಹತಾ ಸುತ್ತಿಗೆ ಇಳಿಯಿತು. ಮಾನ್ಯತೆ ಬಂತು, ಸಂತೋಷ. ಆದರೆ ಕಾಚಿಗುಡದ ಹುಡುಗ ವಾರ ವಾರ ಟಿಕೆಟ್ ಕೊಂಡು ಹೋಗಿ ಕೂಗಬಹುದಾದ ತಂಡ ಇನ್ನೂ ಹುಟ್ಟಿಲ್ಲ.

ಇದನ್ನು ಈ ಊರಿನಲ್ಲಿ ಕೂತು ಹೇಳಬೇಕಾಗಿರುವುದೇ ಬೇಸರದ ಸಂಗತಿ. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ತಂದುಕೊಟ್ಟ ಕೋಚ್ ಸೈಯದ್ ಅಬ್ದುಲ್ ರಹೀಂ ಪಾಠ ಹೇಳಿದ್ದು ಇಲ್ಲೇ ಪಕ್ಕದ ಕಾಚಿಗುಡ, ಚಾದರ್‌ಘಾಟ್ ಶಾಲೆಗಳಲ್ಲಿ. ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಡ್ರಿಬಲ್ ಮಾಡುವಂತಿಲ್ಲ ಎಂಬ ಕಟ್ಟಳೆಯ ಪಂದ್ಯಾವಳಿ, ದುರ್ಬಲ ಕಾಲಿನಲ್ಲೇ ಒದೆಯಬೇಕೆಂಬ ಪಂದ್ಯಾವಳಿ, ಹೀಗೆ ಏನೇನೋ ನಡೆಸಿ ಹುಡುಗರನ್ನು ತಿದ್ದಿದರು.

ಫುಟ್ಸಾಲ್ ಕಲಿಸುವುದೂ ಅದನ್ನೇ. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ, ಅಷ್ಟಾಗಿ ಪುಟಿಯದ ಪುಟ್ಟ ಚೆಂಡು. ಗೆರೆ ದಾಟಿದ ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಒಳಕ್ಕೆ ಒದೆಯದಿದ್ದರೆ ಅದು ಎದುರಾಳಿಯ ಪಾಲು. ಒಂದೇ ಸ್ಪರ್ಶದಲ್ಲಿ ಜೊತೆಗಾರನನ್ನು ಹುಡುಕಬೇಕು. ರಹೀಂ ಸಾಹೇಬರ ಊರಿಗೆ ಇದಕ್ಕಿಂತ ಒಪ್ಪುವ ಆಟ ಇಲ್ಲ.

ತಾರೆಯರಿಲ್ಲದೆ ಯಾರು ಬರುತ್ತಾರೆ, ಯಾರು ದುಡ್ಡು ಹಾಕುತ್ತಾರೆ ಎಂದು ಕೇಳುವವರಿಗೆ ವ್ಯಾಪಾರಿಯಾಗಿ ಉತ್ತರ ಹೇಳುತ್ತೇನೆ. ತಾರೆ ಮೊದಲ ಸಂಜೆಗೆ ಗಿರಾಕಿ ತರುತ್ತಾನೆ. ಎಂಟನೇ ವಾರಕ್ಕೂ ಗಿರಾಕಿ ಬರಬೇಕೆಂದರೆ ಅಂಕಣದಲ್ಲಿ ಅವನ ತಮ್ಮನೋ ಅವನ ಗಲ್ಲಿಯ ಹುಡುಗನೋ ಇರಬೇಕು. ಒಬ್ಬ ವಿದೇಶಿ ಆಟಗಾರನ ವಿಮಾನ, ಹೋಟೆಲು, ಸಂಭಾವನೆಗೆ ಆಗುವ ಖರ್ಚಿನಲ್ಲಿ ಎಂಟು ಬಡಾವಣೆ ತಂಡಗಳ ಹುಡುಗರಿಗೆ ಪಂದ್ಯದ ದಿನದ ಕೂಲಿ ಕೊಡಬಹುದು. ಕೂಲಿ ತಪ್ಪುವ ಭಯವಿಲ್ಲದೆ ಆಡುವಂತಾದರೆ ವೃತ್ತಿಪರತೆ ಅಲ್ಲಿಂದಲೇ ಶುರು.

ಜಾಗಕ್ಕೂ ಬರವಿಲ್ಲ. ಲಾಲ್ ಬಹದ್ದೂರ್ ಕ್ರೀಡಾಂಗಣ, ಸರೂರ್‌ನಗರ, ಯೂಸುಫ್‌ಗುಡದಲ್ಲಿ ಸರ್ಕಾರದ ಒಳಾಂಗಣಗಳಿವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ವಾರಕ್ಕೊಂದು ಸಂಜೆ ಅವುಗಳಲ್ಲೊಂದನ್ನು ಈ ಆಟಕ್ಕೆ ಬಿಟ್ಟುಕೊಡಲಿ, ಐವತ್ತು ರೂಪಾಯಿ ಟಿಕೆಟ್ ಇಡಲಿ. ಬೆಂಗಳೂರಿನಲ್ಲೂ ಇದನ್ನೇ ಮಾಡಬಹುದು. 54 ವರ್ಷಗಳ ನಂತರ 2023ರಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯದಲ್ಲಿ ಆಟಗಾರರಿಗೆ ಕೊರತೆಯೆ? ಎರಡೂ ಊರಿನ ಗೆದ್ದ ತಂಡಗಳು ಕೊನೆಗೆ ಎದುರಾಗಲಿ. ಮೊದಲ ವರ್ಷದ ಚೆಂಡುಗಳು ನಮ್ಮ ಅಂಗಡಿಯ ಲೆಕ್ಕಕ್ಕೆ. ಬೀಗದ ಕೈ ಇರುವುದು ಸರ್ಕಾರದ ಹತ್ತಿರ.